ದರ್ಯಾ ಕಾಕಾನ ಎರಡನೇ ಸುತ್ತು

ಆಗದ ಮಾತು ಅಂತ ಹೇಳಿದವಳು ನಮ್ಮ ಫೂಫು ಖತೀಜಾಬಿ. ಒಂದಲ್ಲ, ಎರಡು ವಿಷಯಕ್ಕೆ ಹೇಳಿದ್ದಳು. ನಮ್ಮ ಮನೆತನದಲ್ಲಿ ಒಬ್ಬರು ಬಿ.ಎ. ಮುಗಿಸುವುದು ಆಗದ ಮಾತು. ನಮ್ಮ ಐನಾಪುರದ ಮನುಷ್ಯನೊಬ್ಬ ಓಡುವ ಹಡಗಿನ ಮೇಲೆ ವಿಮಾನ ಇಳಿಸಿದ್ದು ಅದಕ್ಕಿಂತಲೂ ಆಗದ ಮಾತು. ಮೊದಲನೆಯದು ನನ್ನ ಬಗ್ಗೆ, ಎರಡನೆಯದು ದರ್ಯಾ ಕಾಕಾನ ಬಗ್ಗೆ. ಫೂಫು ಅಂದರೆ ಅಪ್ಪನ ಅಕ್ಕ. ನಮ್ಮ ಮನೆಯ ಮಾತು ಉರ್ದು. ಆದರೆ ಫೂಫು ಬೈಯುವುದು ಮಾತ್ರ ಕನ್ನಡದಲ್ಲಿ. ಅದಕ್ಕೇ ಅವಳು ಹೇಳಿದ್ದೆಲ್ಲ ನನಗೆ ಕನ್ನಡದಲ್ಲೇ ನೆನಪಿದೆ.

ಹೋದ ವಾರ ನಾವಿಬ್ಬರೂ ಅಥಣಿಯ ಕಾಲೇಜಿನ ಮೈದಾನದಲ್ಲಿ ನಿಂತಿದ್ದೆವು. ಪದವಿ ಪ್ರಮಾಣಪತ್ರ ಕೊಡುವ ಸಮಾರಂಭ. ಪೆಂಡಾಲಿನವರು ಇನ್ನೂ ಬಟ್ಟೆ ಕಟ್ಟುತ್ತಿದ್ದರು. ಸಮಾರಂಭ ತಡವಾದರೂ ಅಡ್ಡಿಯಿಲ್ಲ, ತನಗೆ ತಡವಾಗಬಾರದು ಎನ್ನುವುದು ಫೂಫುವಿನ ಹಟ. ಅದಕ್ಕೆ ಮೊದಲ ಬಸ್ಸಿಗೇ ನನ್ನನ್ನು ಎಬ್ಬಿಸಿ ತಂದಿದ್ದಳು. ನಡೆಯುತ್ತ ನಡೆಯುತ್ತ ನೆಲದ ಮೇಲೆ ಒಂದು ಮೊಳೆ ಕಂಡಿತು. ನನಗೆ ಗೊತ್ತಾಗುವ ಮೊದಲೇ ನನ್ನ ಬೆನ್ನು ಬಾಗಿತ್ತು, ಮೊಳೆ ಪರ್ಸಿಗೆ ಸೇರಿತ್ತು.

"ಬಿಡ ಬೇ, ಇದೇನ ನಮ್ಮ ಶೆಡ್ ಅಂತ ತಿಳದಿಯೇನ?" ಅಂದಳು ಫೂಫು. ಹಾಗೆ ಅನ್ನುತ್ತಲೇ ಕಾಲ ಬಳಿ ಬಿದ್ದಿದ್ದ ತಂತಿಯ ತುಂಡೊಂದನ್ನು ಎತ್ತಿ ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಇಬ್ಬರಿಗೂ ನಗು ಬಂತು. ಈ ಕೆಟ್ಟ ಅಭ್ಯಾಸ ನಮಗೆ ಎಲ್ಲಿಂದ ಅಂಟಿತು ಅಂತ ಹೇಳಬೇಕಾದರೆ ದರ್ಯಾ ಕಾಕಾನಿಂದಲೇ ಸುರು ಮಾಡಬೇಕು.

ನೀವು ಐನಾಪುರಕ್ಕೆ ಬಂದು ಕಮಾಂಡರ್ ಸಾಹೇಬರ ಮನೆ ಎಲ್ಲಿ ಅಂತ ಕೇಳಿದರೆ ಯಾರೂ ಹೇಳುವುದಿಲ್ಲ. ದರ್ಯಾ ಕಾಕಾನ ಮನೆ ಅನ್ನಿ, ಎಮ್ಮೆ ಕಾಯುವವರೂ ಕೈ ಮಾಡಿ ತೋರಿಸುತ್ತಾರೆ. ದರ್ಯಾ ಅಂದರೆ ಸಮುದ್ರ. ಗೌಡರ ಮನೆಯ ಹುಡುಗ, ಸಾಂಗ್ಲಿಯಲ್ಲಿ ಕಾಲೇಜು ಓದಿ, ಯಾರಿಗೂ ಹೇಳದೆ ನೌಕಾದಳದ ಪರೀಕ್ಷೆಗೆ ಕೂತವನು. ಅಲ್ಲಿಯವರೆಗೆ ಅವರು ಕಂಡಿದ್ದ ದೊಡ್ಡ ನೀರೆಂದರೆ ಮಳೆಗಾಲದ ಕೃಷ್ಣಾ ಹೊಳೆ. ನೌಕಾದಳಕ್ಕೆ ಸೇರಿದ ಮೇಲೆ ಹಡಗಿನಲ್ಲಿ ಇರು ಅನ್ನುವ ಬದಲು ಅವರಿಗೆ ವಿಮಾನ ಹಾರಿಸಲು ಕಲಿಸಿದರು. ಹಡಗಿನ ಮೇಲಿಂದ ಏಳುವ, ಹಡಗಿನ ಮೇಲೇ ಇಳಿಯುವ ವಿಮಾನ, ಒಬ್ಬನೇ ಕೂಡುವಂಥದ್ದು. ಬಾಂಗ್ಲಾ ಯುದ್ಧದಲ್ಲಿ ಪೂರ್ವದ ಸಮುದ್ರದ ಮೇಲೆ ಹಾರಿದರು. ಸರ್ಕಾರ ಶೌರ್ಯದ ಪದಕ ಕೊಟ್ಟಿತು. ಆಮೇಲೆ ಬಹಳ ವರ್ಷ ಹೊಸ ಹುಡುಗರಿಗೆ ಹಾರುವುದನ್ನು ಕಲಿಸಿ, ನಿವೃತ್ತರಾಗಿ ಊರಿಗೆ ಬಂದು ದ್ರಾಕ್ಷಿ ಹಚ್ಚಿದರು.

ಊರಿಗೆ ಇದಿಷ್ಟರಲ್ಲಿ ತಿಳಿದದ್ದು ಒಂದೇ: ಈ ಮನುಷ್ಯನಿಗೂ ನೀರಿಗೂ ಏನೋ ನಂಟಿದೆ. ಹೊಳೆ ಏರಿದಾಗಲೆಲ್ಲ ಜನ ಅವರ ಕಟ್ಟೆಗೆ ಬರುತ್ತಿದ್ದರು.

"ಕಾಕಾ, ಇನ್ನ ಎಷ್ಟ ಏರತೈತ್ರಿ?"

"ನಾ ಮ್ಯಾಲ ಹಾರಾಂವಪಾ. ನೀರಿಂದ ನನಗೇನ ಗೊತ್ತ?"

"ಆದ್ರೂ ಒಂದ ಅಂದಾಜ ಹೇಳ್ರೆಲಾ."

ಕಾಕಾ ಪಾಪ ಗಡ್ಡ ಕೆರೆದುಕೊಂಡು ಒಂದು ಅಂದಾಜು ಹೇಳುತ್ತಿದ್ದರು. ಅದು ಯಾವತ್ತೂ ತಪ್ಪುತ್ತಿತ್ತು. ಮುಂದಿನ ಮಳೆಗಾಲಕ್ಕೆ ಮತ್ತೆ ಅದೇ ಜನ, ಅದೇ ಕಟ್ಟೆ.

ನಮ್ಮ ಫೂಫು ಮಾತ್ರ ಅವರು ವಿಮಾನ ಹಾರಿಸಿದ್ದನ್ನೇ ಒಪ್ಪಿರಲಿಲ್ಲ. ಅವಳ ಬಳಿ ಸಾಕ್ಷಿಗಳಿದ್ದವು. ಒಂದು, ಅಥಣಿಯ ಬಸ್ಸು ಹತ್ತಿದರೆ ಕಾಕಾನಿಗೆ ಹೊಟ್ಟೆ ತೊಳಸುತ್ತದೆ. ಕೈಯಲ್ಲಿ ಲಿಂಬೆಹಣ್ಣು ಹಿಡಿದು ಮೂಸುತ್ತ, ಕಣ್ಣು ಮುಚ್ಚಿ ಕೂತಿರುತ್ತಾರೆ. ಇನ್ನೊಂದು, ಟ್ರ್ಯಾಕ್ಟರ್ ಹೊಡೆದರೆ ಪಕ್ಕದಲ್ಲಿ ಆಡಿನ ಹಿಂಡು ಅವರನ್ನು ಹಿಂದೆ ಹಾಕಿ ಹೋಗುತ್ತದೆ. ಅದರ ಮೇಲೆ, ಖಾಲಿ ರಸ್ತೆಯಲ್ಲೂ ಎಡಕ್ಕೆ ಹೊರಳಬೇಕಾದರೆ ಕೈ ಚಾಚಿ ಬೆರಳು ಆಡಿಸಿ ಯಾರಿಗೋ ಸನ್ನೆ ಮಾಡುತ್ತಾರೆ.

"ಬಸ್ಸಿನ್ಯಾಗ ವಾಂತಿ ಮಾಡಕೊಳ್ಳಾಂವ ವಿಮಾನ ಹಾರಸ್ಯಾನಂತ! ಹಡಗ ಹೊಂಟಿರತೈತಿ, ವಿಮಾನ ಬರತಿರತೈತಿ. ಹೊಂಟ ಬಂಡಿ ಮ್ಯಾಲ ಕಾಗಿ ಕೂಡಬೇಕಂದ್ರ ಹತ್ತ ಸಲ ವಿಚಾರ ಮಾಡತೈತಿ."

ಇದನ್ನು ಹಿಂದಿನಿಂದ ಆಡುತ್ತಿರಲಿಲ್ಲ, ಎದುರಿಗೇ ಆಡುತ್ತಿದ್ದಳು. ಯಾಕೆಂದರೆ ಕಾಕಾನ ಮನೂಕಿ ಶೆಡ್ಡಿನಲ್ಲಿ, ಅಂದರೆ ಒಣದ್ರಾಕ್ಷಿ ಮಾಡುವ ಶೆಡ್ಡಿನಲ್ಲಿ, ಹೆಂಗಸರ ಕೆಲಸ ನೋಡಿಕೊಳ್ಳುವ ಮುಕಾದಮ್ಮ ಅವಳೇ. ಪಿಯುಸಿ ಮುಗಿಸಿ ಮನೆಯಲ್ಲಿ ಕೂತಿದ್ದ ನನ್ನನ್ನೂ ಬೇಸಿಗೆಯಲ್ಲಿ ಅಲ್ಲಿಗೆ ಎಳೆದುಕೊಂಡು ಹೋಗುತ್ತಿದ್ದಳು.

ಆ ಶೆಡ್ಡಿನ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ. ಗಂಧಕದ ಹೊಗೆ, ಸಿಹಿ, ಧೂಳು. ಅಟ್ಟದ ಮೇಲೆ ಅಟ್ಟದಂತೆ ಜಾಳಿಗೆ ಕಟ್ಟಿ ಅದರ ಮೇಲೆ ದ್ರಾಕ್ಷಿ ಹರವಿರುತ್ತಾರೆ. ಒಣಗಿದ ಮೇಲೆ ಕೆಳಗೆ ಉದುರಿಸಿ, ಕಡ್ಡಿ ತೆಗೆದು, ಬಣ್ಣ ನೋಡಿ ಆರಿಸಬೇಕು. ಎಲ್ಲ ಶೆಡ್ಡುಗಳಲ್ಲೂ ಇದೇ ಕೆಲಸ. ಕಾಕಾನ ಶೆಡ್ಡಿನಲ್ಲಿ ಮಾತ್ರ ಕೆಲಸಕ್ಕಿಂತ ಮೊದಲು ಇನ್ನೊಂದು ಕೆಲಸ ಇತ್ತು. ಬೆಳಿಗ್ಗೆ ಬಂದವರೆಲ್ಲ ಅಂಗಳದ ಒಂದು ತುದಿಯಲ್ಲಿ ಸಾಲಾಗಿ, ಭುಜಕ್ಕೆ ಭುಜ ಹತ್ತಿ ನಿಲ್ಲಬೇಕು. ಎಲ್ಲರೂ ಒಟ್ಟಿಗೆ, ನೆಲ ನೋಡುತ್ತ, ಮೆಲ್ಲಗೆ ಆ ತುದಿಗೆ ನಡೆಯಬೇಕು. ಮೊಳೆ, ತಂತಿ, ಹರಳು, ಗುಂಡಿ, ಏನು ಕಂಡರೂ ಎತ್ತಿಕೊಳ್ಳಬೇಕು. ಮಾತಾಡಬಾರದು.

ವಿಮಾನದ ಹಡಗಿನಲ್ಲಿ ದಿನವೂ ಹೀಗೆ ಮಾಡುತ್ತಾರಂತೆ, ದೊಡ್ಡ ಅಧಿಕಾರಿಯಿಂದ ಅಡುಗೆಯವನವರೆಗೆ. ಒಂದು ಸಣ್ಣ ಮೊಳೆ ಎಂಜಿನ್ನಿನೊಳಗೆ ಸೇರಿದರೆ ವಿಮಾನವೂ ಹೋಯಿತು, ಒಳಗಿನವನೂ ಹೋದ. ಆದರೆ ಕಾಕಾ ಮೊದಲ ದಿನ ಈ ಕಾರಣ ಹೇಳಲು ಮರೆತರು. ಸಾಲು ನಿಲ್ಲಿಸಿ, "ಹಡಗದಾಗ ನಾವು ದಿನಾ ಮಾಡತಿದ್ವಿ" ಅಂದರು, ಅಷ್ಟೇ.

ಹೆಂಗಸರು ತಮಗೆ ತಿಳಿದಂತೆ ತಿಳಿದುಕೊಂಡರು. ಮುಂಜಾನೆ, ಮೌನ, ತಲೆ ತಗ್ಗಿಸಿ ನಡೆಯುವುದು. ಇದು ಸಮುದ್ರದ ದೇವರ ನೇಮವಲ್ಲದೆ ಮತ್ತೇನು? ಮರುದಿನ ಎಲ್ಲರೂ ಚಪ್ಪಲಿ ಹೊರಗೆ ಬಿಟ್ಟು ಬಂದರು. ಸೋಮವಾರ ಯಾರೋ ಕಾಯಿ ತಂದು ಒಡೆದರು. ನಮ್ಮ ಫೂಫು ಹಿಂದೆ ಬೀಳುವವಳೇ? ಇದು ಯಾವುದೋ ದರ್ಯಾ ಪೀರರ ಹರಕೆ ಅಂತ ನಿಶ್ಚಯಿಸಿ ಗುರುವಾರ ಗುರುವಾರ ಅಂಗಳದ ಸುತ್ತ ಲೋಬಾನದ ಹೊಗೆ ಹಾಕತೊಡಗಿದಳು. ಕಾಕಾ ಕಾಯಿಯ ಚೂರು ತಿನ್ನುತ್ತ, ಹೊಗೆಗೆ ಕೆಮ್ಮುತ್ತ, ಬಹಳ ದಿನ ಯೋಚನೆ ಮಾಡಿದರು. ಕಡೆಗೆ ಒಂದು ದಿನ ಎಲ್ಲರನ್ನೂ ಕೂಡಿಸಿ ಎಂಜಿನ್ನಿನ ಕಥೆ ಪೂರ್ತಿ ಹೇಳಿದರು.

ಫೂಫು ಸಾವಧಾನದಿಂದ ಕೇಳಿದಳು. "ಅದೆಲ್ಲಾ ಖರೇರಿ ಸಾಹೇಬ್ರ. ಇಲ್ಲಿ ಎಂಜಿನ್ ಎಲ್ಲೈತಿ?"

"ಮಂದಿ ಬಾಯೇ ಎಂಜಿನ್, ಖತೀಜಾಬಿ. ಮನೂಕಿ ಜೋಡಿ ಮೊಳಿ ಹೋತಂದ್ರ ಯಾರದರೇ ಹಲ್ಲ ಹೋಗತೈತಿ."

ಇದು ಎಲ್ಲರಿಗೂ ಸರಿ ಕಂಡಿತು. ಆದರೆ ಕಾಯಿಯೂ ನಿಲ್ಲಲಿಲ್ಲ, ಲೋಬಾನವೂ ನಿಲ್ಲಲಿಲ್ಲ. ಹಿಡಿದ ನೇಮ ಬಿಡುವುದು ಹೇಗೆ ಅಂತ ಹೆಂಗಸರು. ನನಗೆ ಬಾಗುವ ಅಭ್ಯಾಸ ಹತ್ತಿದ್ದು ಹೀಗೆ. ಈಗ ನಾನು ಕಾಗವಾಡದ ಒಂದು ಶಾಲೆಯ ಕಚೇರಿಯಲ್ಲಿ ಗುಮಾಸ್ತೆ. ಮಕ್ಕಳು ನನ್ನನ್ನು ಹಿಂದಿನಿಂದ ಮೊಳೆ ಟೀಚರ್ ಅನ್ನುತ್ತಾರೆ. ನಾನು ಟೀಚರ್ ಅಲ್ಲ, ಆದರೆ ಆ ಗೌರವ ಬೇಡ ಅನ್ನಲು ಮನಸ್ಸಾಗಿಲ್ಲ.

ಮಧ್ಯಾಹ್ನ ಊಟದ ಹೊತ್ತಿಗೆ ಹೆಂಗಸರು ಯುದ್ಧದ ಕಥೆ ಹೇಳ್ರಿ ಅಂತ ಕಾಕಾನಿಗೆ ಗಂಟು ಬೀಳುತ್ತಿದ್ದರು. ಹಡಗಿನ ಮೇಲಿಂದ ವಿಮಾನ ಹೇಗೆ ಏಳುತ್ತದೆ ಅನ್ನುವುದನ್ನು ಅವರು ಚೆನ್ನಾಗಿ ಹೇಳುತ್ತಿದ್ದರು. ಜೋಳದ ಹೊಲದಲ್ಲಿ ಹಕ್ಕಿ ಹೊಡೆಯಲು ಕವಣಿ ಬೀಸುವುದಿಲ್ಲವೇ? ಹಡಗಿನಲ್ಲಿ ಉಗಿಯಿಂದ ನಡೆಯುವ ದೊಡ್ಡ ಕವಣಿ ಇರುತ್ತದೆ, ವಿಮಾನವೇ ಕಲ್ಲು, ಕಲ್ಲಿನೊಳಗೆ ನಾನು, ಅನ್ನುತ್ತಿದ್ದರು. ಆದರೆ ಪದಕ ಬಂದ ದಿನದ ಮಾತು ಬಂದರೆ ಕಥೆ ಯಾವಾಗಲೂ ಬೇಯಿಸಿದ ತತ್ತಿಯ ಹತ್ತಿರ ನಿಂತುಬಿಡುತ್ತಿತ್ತು.

"ಅವತ್ತ ಮುಂಜಾನೆ ನಾ ಒಂದ ತತ್ತಿ ಸುಲದ ಇಟ್ಟಿದ್ಯಾ. ಉಪ್ಪೂ ಹಚ್ಚಿದ್ಯಾ. ಅಷ್ಟರಾಗ ಕರೆ ಬಂತು. ತಿರುಗಿ ಬಂದ ನೋಡತೀನಿ, ಯಾರೋ ತಿಂದ ಬಿಟ್ಟಾರ."

"ನಡುವ ಏನಾತ್ರಿ?" ಅಂತ ನಾವು.

"ನಡುವ ಏನಿಲ್ಲ. ಯುದ್ಧ ಆತು."

ನನಗೆ ಇಂಗ್ಲಿಷ್ ಕಲಿಸುತ್ತೇನೆಂದು ಮುಂದೆ ಬಂದದ್ದು ಇಂಥ ಮನುಷ್ಯ. ನಾನು ಅಥಣಿಯ ಕಾಲೇಜಿನ ಮೂಲಕ ದೂರಶಿಕ್ಷಣದಲ್ಲಿ ಬಿ.ಎ.ಗೆ ಹೆಸರು ಹಚ್ಚಿದ್ದೆ. ಮೂರು ವರ್ಷದ ಓದು ನನಗೆ ಏಳು ವರ್ಷ ಹಿಡಿಯಿತು. ಬೇಸಿಗೆಯಲ್ಲಿ ಶೆಡ್ಡು, ಉಳಿದಾಗ ಮನೆಗೆಲಸ, ನಡುವೆ ಒಮ್ಮೆ ಅಪ್ಪನ ಕಾಯಿಲೆ, ನಡುವೆ ನನ್ನ ಮದುವೆ. ಗಂಡ ಓದು ಅಂದ, ಪುಣ್ಯವಂತ. ಓದಬೇಡ ಅಂತ ಫೂಫುವೂ ಅಂದವಳಲ್ಲ. ಆಗುವುದಿಲ್ಲ ಅನ್ನುತ್ತಿದ್ದಳು, ಅಷ್ಟೇ. ಅವಳು ಎರಡನೇ ಇಯತ್ತೆಯಲ್ಲಿದ್ದಾಗ ನಮ್ಮ ಅಪ್ಪ ಹುಟ್ಟಿದರು. ತಮ್ಮನನ್ನು ಎತ್ತಿಕೊಳ್ಳಲು ಅವಳನ್ನು ಶಾಲೆ ಬಿಡಿಸಿದರು. ಆಮೇಲೆ ನಮ್ಮ ಮನೆಯಲ್ಲಿ ಯಾರ ಓದೂ ಪೂರ್ತಿಯಾಗಿ ದಡ ಹತ್ತಿದ್ದನ್ನು ಅವಳು ನೋಡಿರಲಿಲ್ಲ. ನೋಡದ್ದನ್ನು ನಂಬುವ ಜಾತಿಯವಳಲ್ಲ ಅವಳು.

ಉಳಿದ ವಿಷಯಗಳೆಲ್ಲ ಪಾಸಾದವು. ಇಂಗ್ಲಿಷ್ ಒಂದು ಉಳಿಯಿತು. ಕಾಕಾನ ಇಂಗ್ಲಿಷ್ ಅಂದರೆ ವಿಮಾನದ ರೇಡಿಯೋದಲ್ಲಿ ಆಡುವ ಇಂಗ್ಲಿಷ್. ಒಂದು ವಾಕ್ಯಕ್ಕೆ ಎರಡು ಶಬ್ದ, ಹೆಚ್ಚೆಂದರೆ ಮೂರು, ಮಾತು ಮುಗಿದರೆ ಓವರ್. "ಹೆಚ್ಚಿಗಿ ಮಾತು ಅಪಾಯ, ಬಾಳ" ಅನ್ನುತ್ತಿದ್ದರು. ಬಾಳ ಅಂದರೆ ಮಗು. ನಾನು ಭಕ್ತಿಯಿಂದ ಕಲಿತೆ. ಪರೀಕ್ಷೆಯಲ್ಲಿ ಗೆಳತಿಗೆ ನಿನ್ನ ಊರಿನ ಬಗ್ಗೆ ಪತ್ರ ಬರೆ ಅಂತ ಬಂತು. ಬರೆದೆ. ಊರು ಚಿಕ್ಕದು. ಹೊಳೆ ಹತ್ತಿರ. ದ್ರಾಕ್ಷಿ ಬಹಳ. ನೀನು ಬಾ. ಓವರ್.

ನಪಾಸು.

ಕಾಕಾನ ಹೆಂಡತಿ ಕಾಕಿ, ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದವರು, ಇದನ್ನು ಕೇಳಿ ಹೊಟ್ಟೆ ಹಿಡಿದು ನಕ್ಕರು. "ನನ್ನ ಕೇಳು. ಮದುವಿ ಆದ ಹೊಸದಾಗ ಹಡಗದಿಂದ ಇವರ ಪತ್ರ ಬರತಿದ್ದವು. ಕ್ಷೇಮ. ಸಮುದ್ರ ಶಾಂತ. ಮುಗೀತು. ನಾ ಹಾಳಿಗಟ್ಟಲೆ ಬರೀತಿದ್ದೆ." ಆವತ್ತಿನಿಂದ ನನ್ನನ್ನು ಕಾಕಿ ವಹಿಸಿಕೊಂಡರು. ಅವರ ಕೈಯಲ್ಲಿ ನನ್ನ ಇಂಗ್ಲಿಷ್ ಮೊಗ್ಗೊಡೆಯಿತು, ಹೂವಾಯಿತು, ಬಳ್ಳಿಯಾಗಿ ಹಬ್ಬಿತು. ಮುಂದಿನ ಪರೀಕ್ಷೆಯಲ್ಲಿ ಗೆಳತಿಗೆ ಎಂಥ ಪತ್ರ ಬರೆದೆ ಅಂದರೆ, ಕೃಷ್ಣೆಯ ಸಂಜೆ, ಶೆಡ್ಡಿನ ಹಾಡು, ಫೂಫುವಿನ ಬೈಗುಳ ಎಲ್ಲ ಬಂತು. ಅದೊಂದೇ ಬಂತು. ಉಳಿದ ಪ್ರಶ್ನೆಗಳಿಗೆ ಹೊತ್ತು ಉಳಿಯಲಿಲ್ಲ.

ಮತ್ತೆ ನಪಾಸು. ಒಂದು ಸಲ ಗಂಡನಿಂದ, ಒಂದು ಸಲ ಹೆಂಡತಿಯಿಂದ.

ಆ ದಿನ ಶೆಡ್ಡಿನ ಬಾಗಿಲಲ್ಲಿ ಕೂತು ಅಳುತ್ತಿದ್ದೆ. ಫೂಫು ಮೊರ ಬದಿಗಿಟ್ಟು ಬಂದಳು.

"ಇನ್ನೊಂದ ಸಲ. ಆಗಲಿಲ್ಲಂದ್ರ ಪುಸ್ತಕಕ್ಕ ಸಲಾಂ. ಹೊಲಿಗಿ ಮಶೀನ್ ಐತಿ, ಬ್ಲೌಜ್ ಹೊಲಿ. ಅದೂ ಬ್ಯಾಡಂದ್ರ ಇಲ್ಲೇ ಮನೂಕಿ ಆರಸ್ಕೋತ ಮುದಕಿ ಆಗು, ನನ್ನಂಗ."

ಕಡೆಯ ಮಾತು ಹೇಳುವಾಗ ಅವಳ ದನಿ ಬೈಗುಳದ್ದಾಗಿರಲಿಲ್ಲ. ನನಗೆ ಹೆದರಿಕೆಯಾದದ್ದು ಅದರಿಂದಲೇ.

ಕಾಕಾ ಅಲ್ಲೇ ನಿಂತಿದ್ದರು. ಮೊದಲ ಸಲ ಅವರ ಕಥೆ ತತ್ತಿ ದಾಟಿ ಮುಂದೆ ಹೋಯಿತು.

"ಅವತ್ತ ನನ್ನ ಜೋಡಿದಾರನ ವಿಮಾನಕ್ಕ ಗುಂಡ ಬಿದ್ದು ಅಂವನ ರೇಡಿಯೋ ಹೋಗಿತ್ತು. ಏನೂ ಕೇಳಸೂದಿಲ್ಲ ಅಂವಗ. ನಾ ಅಂವನ ಬಾಜೂಕ ಹಾರಕೋತ, ಕೈ ಸನ್ನಿ ಮಾಡಕೋತ ಹಡಗದ ತನಕಾ ಕರಕೊಂಡ ಬಂದ್ಯಾ. ನನಗೂ ಬಾಲಕ್ಕ ಬಡದಿತ್ತು. ಎಣ್ಣಿ ತಳಾ ಹಿಡದಿತ್ತು. ಅಂವಗ ಮೊದಲ ಇಳಿ ಅಂತ ಸನ್ನಿ ಮಾಡಿದ್ಯಾ. ಆಮ್ಯಾಲ ನಾ ಇಳ್ಯಾಕ ಬಂದ್ಯಾ. ಮ್ಯಾಲಿಂದ ಹಡಗ ಎಷ್ಟ ಕಾಣತೈತಿ ಗೊತ್ತೇನ? ನಿಮ್ಮ ಫೂಫೂನ ಮೊರದಷ್ಟ."

ಹಡಗಿನ ಮೇಲೆ ಅಡ್ಡಡ್ಡ ಉಕ್ಕಿನ ತಂತಿ ಕಟ್ಟಿರುತ್ತಾರೆ. ವಿಮಾನದ ಬಾಲದ ಕೊಕ್ಕೆ ಅದರಲ್ಲಿ ಒಂದಕ್ಕೆ ಸಿಕ್ಕಿದರೆ ವಿಮಾನ ನಿಲ್ಲುತ್ತದೆ. ಅದಕ್ಕೆ, ಗಾಲಿ ತಾಗಿದ ಕೂಡಲೆ ಹಾರಿಸುವವನು ಎಂಜಿನ್ನನ್ನು ಇಳಿಸುವುದಿಲ್ಲ, ಪೂರ್ತಿ ಜೋರು ಮಾಡುತ್ತಾನಂತೆ. ಸಿಕ್ಕೇಬಿಟ್ಟಿತು ಅಂತ ಎಂಜಿನ್ ಇಳಿಸಿದ ಮೇಲೆ ಕೊಕ್ಕೆ ತಪ್ಪಿತೋ, ಮುಂದೆ ಸಮುದ್ರವೇ.

"ನನ್ನ ಕೊಕ್ಕಿ ತಪ್ಪಿತು, ಬಾಳ. ಆದ್ರ ಎಂಜಿನ್ ಜೋರ ಇತ್ತು. ಹಂಗ ಎದ್ದ ಹ್ವಾದ್ಯಾ. ಇನ್ನೊಂದ ಸುತ್ತ ಹಾಕಿ ಬಂದ ಇಳದ್ಯಾ. ಎಣ್ಣಿ ಮೂರನೇ ಸುತ್ತಿಗೆ ಇರಲಿಲ್ಲ."

ನಾವೆಲ್ಲ ನಗುತ್ತಿದ್ದ ಆ ಟ್ರ್ಯಾಕ್ಟರಿನ ಕೈಸನ್ನೆ ಎಲ್ಲಿಯದು ಅಂತ ನನಗೆ ಆಗ ಹೊಳೆಯಿತು. ಫೂಫು ಮೂಗಿನ ಮೇಲೆ ಬೆರಳಿಟ್ಟು ಕೇಳಿದಳು. ಕೇಳಿ ಮುಗಿದ ಮೇಲೆ ಎದ್ದು ಸೀರೆ ಕೊಡವಿಕೊಂಡಳು.

"ಕಥಿ ಭಾಳ ಚಲೋ ಐತ್ರಿ ಸಾಹೇಬ್ರ. ಆದ್ರ ಆಗದ ಮಾತು."

ಕಾಕಾ ಒಳಗೆ ಹೋಗಿ ಪದಕ ತಂದು ತೋರಿಸಿದರು. ಫೂಫು ಅದನ್ನು ಬೆಳಕಿಗೆ ಹಿಡಿದು, ಹಿಂದೆ ಮುಂದೆ ನೋಡಿ, "ಇಂಥಾವ ನಿಪ್ಪಾಣಿ ಬಜಾರದಾಗ ಮಾಡಿಕೊಡತಾರ" ಅಂದು ತಿರುಗಿ ಕೊಟ್ಟಳು. ಒಳಗಿನಿಂದ ಕಾಕಿ, "ನಾನೂ ಕಣ್ಣಿಲೆ ನೋಡಿಲ್ಲ ಬಿಡ್ರಿ ಖತೀಜಾಬಿ!" ಅಂತ ಕೂಗಿದರು. ಕಾಕಾನ ಮುಖ ನೋಡಬೇಕಿತ್ತು ನೀವು. ಶತ್ರುವಿನ ಗುಂಡಿಗೆ ಹೆದರದ ಮನುಷ್ಯ ಈ ಇಬ್ಬರ ನಡುವೆ ಕೈಸೋತು ನಿಂತಿದ್ದರು.

ಮೂರನೆಯ ಸಲ ಪರೀಕ್ಷೆಗೆ ಕೂತಾಗ ಪತ್ರವನ್ನು ಕಾಕಾನಷ್ಟು ಗಿಡ್ಡವಾಗಿಯೂ ಬರೆಯಲಿಲ್ಲ, ಕಾಕಿಯಷ್ಟು ಉದ್ದವಾಗಿಯೂ ಬರೆಯಲಿಲ್ಲ. ಕಡೆಯ ಪುಟಕ್ಕೆ ಬಂದಾಗ ಕೈ ಸೋತಿತ್ತು. ಸುತ್ತಲಿನವರು ಒಬ್ಬೊಬ್ಬರೇ ಎದ್ದು ಹೋಗುತ್ತಿದ್ದರು. ಪಾಸಾಗುವಷ್ಟು ಬರೆದಾಯಿತು, ಏಳೋಣ ಅನಿಸಿತು. ಆಗ ಕೊಕ್ಕೆಯ ನೆನಪಾಯಿತು. ಗಂಟೆ ಹೊಡೆದು, ಮೇಲ್ವಿಚಾರಕರು ಬಂದು ಕಾಗದ ಕಿತ್ತುಕೊಳ್ಳುವವರೆಗೂ ಬರೆದೆ.

ಫಲಿತಾಂಶ ಗಂಡನ ಮೊಬೈಲಿನಲ್ಲಿ ಬಂತು. ಫೂಫುವಿಗೆ ತೋರಿಸಿದೆ. ಅವಳು ಪರದೆಯನ್ನು ಒಂದು ಸಲ ಒತ್ತಿದಳು, ಅದು ಆರಿಹೋಯಿತು.

"ನೋಡು, ಹೋತು. ಒತ್ತಿದ್ರ ಹೋಗೂದು ಎಂಥಾ ಡಿಗ್ರಿ? ಕೈಯಾಗ ಕಾಗದ ಬರಲಿ, ಆಮ್ಯಾಲ ನೋಡೂಣು."

ಅಲ್ಲಿಗೆ ನನ್ನ ಪದವಿಯೂ ಕಾಕಾನ ಹಡಗಿನ ಪಕ್ಕದಲ್ಲೇ, ಆಗದ ಮಾತುಗಳ ಸಾಲಿನಲ್ಲಿ ನಿಂತಿತು. ನಗಬೇಡಿ. ಊರೆಲ್ಲ ಪೇಢೆ ತಿಂದಿತ್ತು, ಆದರೆ ಫೂಫು ಹೌದು ಅನ್ನುವವರೆಗೆ ನನಗೇ ಪೂರ್ತಿ ಪಾಸಾದಂತೆ ಅನಿಸಿರಲಿಲ್ಲ.

ಹೋದ ವಾರದ ಸಮಾರಂಭಕ್ಕೆ ಕಾಲೇಜಿನವರು ಕಾಕಾನನ್ನೇ ಮುಖ್ಯ ಅತಿಥಿಯಾಗಿ ಕರೆದಿದ್ದರು. ಕಾರು ಕಳಿಸುತ್ತೇವೆ ಅಂದರೆ ಬೇಡ ಅಂದರಂತೆ. ಬಸ್ಸಿಗೇ ಬಂದಿಳಿದರು, ಕೈಯಲ್ಲಿ ಲಿಂಬೆಹಣ್ಣು, ಮುಖ ಲಿಂಬೆಹಣ್ಣಿಗಿಂತ ಹಳದಿ. ಎಂಬತ್ತು ದಾಟಿದ ಜೀವ. ಹಳೆಯ ಕೋಟು ಹಾಕಿದ್ದರು, ಆದರೆ ಪದಕದ ಕೊಂಡಿ ಮುರಿದು ಅದು ಜೇಬಿನಲ್ಲಿತ್ತು.

"ತರ್ರಿ ಇಲ್ಲೆ" ಅಂದಳು ಫೂಫು. ತನ್ನ ಸೆರಗಿನ ಪಿನ್ನು ತೆಗೆದು ಪದಕವನ್ನು ಕೋಟಿಗೆ ಚುಚ್ಚಿದಳು. "ನಿಪ್ಪಾಣಿ ಮಾಲಿನ ಹಣೇಬರಾನ ಇಷ್ಟ. ಅಲಗ್ಯಾಡಬ್ಯಾಡ್ರಿ, ಚುಚ್ಚೀತು." ಕಾಕಾ ಚಿಕ್ಕ ಹುಡುಗರ ಹಾಗೆ ಗದ್ದ ಎತ್ತಿ ನಿಂತರು. ಸಮಾರಂಭ ಮುಗಿಯುವವರೆಗೆ ಫೂಫು ಒಂದು ಕೈಯಿಂದ ಸೆರಗು ಹಿಡಿದುಕೊಂಡೇ ಕೂತಿದ್ದಳು.

ಭಾಷಣ ಮಾಡಿ ಅಂದಾಗ ಕಾಕಾ ಎದ್ದು ಮೂರು ವಾಕ್ಯ ಹೇಳಿ ಕೂತರು. ಜನ, ಭಾಷಣ ಇನ್ನೂ ಇದೆ ಅಂದುಕೊಂಡು, ಬಹಳ ಹೊತ್ತು ಚಪ್ಪಾಳೆ ತಟ್ಟಲಿಲ್ಲ. ಆಮೇಲೆ ಹೆಸರು ಕರೆಯತೊಡಗಿದರು. ನನ್ನ ಹೆಸರು ಬಂತು. ಮೆಟ್ಟಿಲು ಹತ್ತುವಾಗ ಎಡವಿದೆ, ಮೊಳೆ ಪರ್ಸಿನಲ್ಲಿ ಸದ್ದು ಮಾಡಿತು. ಕಾಕಾ ಪ್ರಮಾಣಪತ್ರವನ್ನು ಎರಡೂ ಕೈಯಿಂದ ಕೊಟ್ಟರು.

"ಕೊಕ್ಕಿ ಸಿಕ್ಕತೇನ ಬಾಳ?"

"ಸಿಕ್ಕತ್ರಿ ಕಾಕಾ."

ಕೆಳಗಿಳಿದು ಬಂದು ಅದನ್ನು ಹಾಗೆಯೇ ಫೂಫುವಿನ ಕೈಗೆ ಕೊಟ್ಟೆ. ಅವಳು ಮೊದಲು ಕೈಯನ್ನು ಸೀರೆಗೆ ಒರೆಸಿಕೊಂಡಳು. ಒತ್ತಿ ನೋಡಿದಳು, ಆರಲಿಲ್ಲ. ಮುದ್ರೆಯ ಮೇಲೆ ಬೆರಳಾಡಿಸಿದಳು. "ನಿನ್ನ ಹೆಸರ ಎಲ್ಲೈತಿ?" ತೋರಿಸಿದೆ. "ನಿಮ್ಮ ಅಪ್ಪಂದು?" ತೋರಿಸಿದೆ. ಆ ತಮ್ಮನನ್ನು ಎತ್ತಿಕೊಳ್ಳಲಿಕ್ಕೇ ಶಾಲೆ ಬಿಟ್ಟವಳು ಅವಳು. ಆ ಹೆಸರಿನ ಮೇಲೆ ಅವಳ ಬೆರಳು ಬಹಳ ಹೊತ್ತು ನಿಂತಿತು.

ಅಷ್ಟರಲ್ಲಿ ಕಾಕಾ ವೇದಿಕೆಯಿಂದ ಇಳಿದು, ಒಂದೊಂದೇ ಮೆಟ್ಟಿಲು ಕಾಲಿನಿಂದ ಹುಡುಕುತ್ತ, ನಮ್ಮ ಕಡೆಗೆ ಬರುತ್ತಿದ್ದರು. ಫೂಫು ಎದ್ದು ನಿಂತಳು. ಸೆರಗು ಜಾರಿದ್ದೂ ಅವಳಿಗೆ ತಿಳಿಯಲಿಲ್ಲ.

"ಸಾಹೇಬ್ರ," ಅಂದಳು. "ಈಕೀನೇ ಮೂರನೇ ಸುತ್ತಿಗೆ ಇಳದಾಳಂದ ಮ್ಯಾಲ, ನೀವು ಎರಡನೇ ಸುತ್ತಿಗೆ ಇಳದಿರಬೇಕ್ ಬಿಡ್ರಿ."